ಪೆಟ್ರೋಲು ಕುಡಿಯುವ ಕಾರು: ರೂಪಕದ ಗಣಕೀಯ ಅಧ್ಯಯನದಲ್ಲಿ ಮುಖ್ಯಾರ್ಥಬಾಧೆಯ ಪ್ರಶ್ನೆ

ರೂಪಕದ ಗಣಕೀಯ ಅಧ್ಯಯನದ ಚರಿತ್ರೆಯನ್ನು ನಿಯಮಗಳಿಂದ ಸಂಖ್ಯಾಶಾಸ್ತ್ರದೆಡೆಗೆ ನಡೆದ ಪಯಣವೆಂದು ನಿರೂಪಿಸುವುದು ವಾಡಿಕೆ. ಸಲಕರಣೆಗಳ ಮಟ್ಟಿಗೆ ಇದು ಸರಿ. ಆದರೆ ಪದವೊಂದು ವಾಚ್ಯಾರ್ಥವನ್ನು ಬಿಟ್ಟಿದೆಯೆಂದು ಯಂತ್ರಕ್ಕೆ ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ದೊರೆತ ಉತ್ತರ ಅಷ್ಟಾಗಿ ಬದಲಾಗಿಲ್ಲವೆಂದು ನಾವು ಭಾವಿಸುತ್ತೇವೆ.

ಕಾಟ್ಜ್ ಮತ್ತು ಫೋಡರ್ 1963ರಲ್ಲಿ ಮಂಡಿಸಿದ ಆಯ್ಕೆ ನಿರ್ಬಂಧಗಳನ್ನು ಕಟ್ಟುನಿಟ್ಟಾಗಿ ಅನ್ವಯಿಸಿದರೆ 'ನನ್ನ ಕಾರು ಪೆಟ್ರೋಲು ಕುಡಿಯುತ್ತದೆ' ಎಂಬ ವಾಕ್ಯ ಅಸಂಗತವೆನಿಸಿ ಅಲ್ಲಿಗೇ ತಿರಸ್ಕೃತವಾಗುತ್ತದೆ. ಯಾರಿಕ್ ವಿಲ್ಕ್ಸ್ ಈ ನಿರ್ಬಂಧವನ್ನು ಆದ್ಯತೆಯಾಗಿ ಸಡಿಲಿಸಿದರು: 'ಕುಡಿ' ಧಾತು ಸಚೇತನ ಕರ್ತೃವನ್ನು ಬಯಸುತ್ತದೆ, ಸಿಗದಿದ್ದರೆ ಸಿಕ್ಕಿದ್ದನ್ನು ಒಪ್ಪಿಕೊಳ್ಳುತ್ತದೆ. 1978ರ ಲೇಖನದಲ್ಲಿ ಅವರು ಇದೇ ಕಾರಿನ ವಾಕ್ಯವನ್ನು ಎತ್ತಿಕೊಂಡು, ಆದ್ಯತೆ ಭಂಗವಾದಾಗ ಯಂತ್ರವು ಕಾರಿನ ಬಗೆಗಿನ ಲೋಕಜ್ಞಾನವನ್ನು ಶೋಧಿಸಿ 'ಬಳಸುತ್ತದೆ' ಎಂಬ ಅರ್ಥವನ್ನು ತಲುಪುವ ಬಗೆಯನ್ನು ವಿವರಿಸಿದರು. 1991ರಲ್ಲಿ ಡ್ಯಾನ್ ಫಾಸ್ ರೂಪಕವನ್ನೂ ಮೆಟಾನಮಿಯನ್ನೂ ಬೇರ್ಪಡಿಸಿದ್ದು ಈ ಭಂಗದ ನೆಲೆಯಿಂದಲೇ.

ಮುಖ್ಯಾರ್ಥಬಾಧೆಯನ್ನು ಬಲ್ಲ ಓದುಗರಿಗೆ ಇದು ಪರಿಚಿತ ದಾರಿ. ದಾರಿಯ ತೊಡಕೂ ಪರಿಚಿತವೇ. 17ನೆಯ ಶತಮಾನದ ನೈಯಾಯಿಕ ವಿಶ್ವನಾಥ ಪಂಚಾನನನು ಲಕ್ಷಣೆಗೆ ಬೀಜ ಅನ್ವಯಾನುಪಪತ್ತಿಯಲ್ಲ, ತಾತ್ಪರ್ಯಾನುಪಪತ್ತಿ ಎಂದು ವಾದಿಸಿದನು. ಕಾಗೆಗಳಿಂದ ಮೊಸರನ್ನು ಕಾಪಾಡು ಎಂಬ ಶಾಸ್ತ್ರಪ್ರಸಿದ್ಧ ಉದಾಹರಣೆಯಲ್ಲಿ ಅನ್ವಯಕ್ಕೆ ಯಾವ ಬಾಧೆಯೂ ಇಲ್ಲ. ಆದರೂ ಬೆಕ್ಕು ಬಂದರೆ ಸುಮ್ಮನಿರಬಹುದೆಂದು ಯಾರೂ ತಿಳಿಯರು. ಉದಾಹರಣೆ ರೂಪಕದ್ದಲ್ಲ ಎಂಬ ಆಕ್ಷೇಪ ಬರಬಹುದು. ಹಟಮಾರಿ ಅಧಿಕಾರಿಯೊಬ್ಬರ ವಿಷಯ ಮಾತಾಡುತ್ತ 'ಆ ಬಂಡೆ ಅಲುಗಾಡುವುದಿಲ್ಲ' ಎಂದರೆ ಅದು ರೂಪಕವೇ, ಮತ್ತು ಅಲ್ಲಿ ಭಂಗವಾಗುವ ಆದ್ಯತೆ ಒಂದೂ ಇಲ್ಲ.

ಭಿನ್ನ ದಾರಿಗಳೂ ಇದ್ದವು. 1990ರಲ್ಲಿ ಜೇಮ್ಸ್ ಮಾರ್ಟಿನ್ ರೂಢಿಯ ರೂಪಕಗಳನ್ನು ಭಾಷಾಜ್ಞಾನದ ಭಾಗವಾಗಿಯೇ ಯಂತ್ರಕ್ಕೆ ಒದಗಿಸಿದರು. ಗಣಕದಲ್ಲಿ ಪ್ರಕ್ರಿಯೆಯನ್ನು 'ಕೊಲ್ಲುವುದು' ಅಲ್ಲಿ ಅಸಂಗತವಲ್ಲ. 2007ರಲ್ಲಿ ಪ್ರಾಗ್ಲ್‌ಜಾಜ್ ಗುಂಪು ಪ್ರಕಟಿಸಿದ ವಿಧಾನವೂ ಬಾಧೆಯನ್ನು ಕೇಳದೆ, ಪದದ ಸಾಂದರ್ಭಿಕ ಅರ್ಥವನ್ನು ಅದರ ಹೆಚ್ಚು ಮೂಲಭೂತ ಅರ್ಥದೊಡನೆ ಹೋಲಿಸಿತು.

2021ರ ಮೆಲ್‌ಬರ್ಟ್ ಮಾದರಿಯಲ್ಲಿ ಎರಡೂ ಕೂಡಿವೆ: ಒಂಟಿ ಪದದ ಸದಿಶಕ್ಕೂ ವಾಕ್ಯದೊಳಗಿನ ಅದರ ಸದಿಶಕ್ಕೂ ಇರುವ ಅಂತರ ಒಂದು ಅಳತೆ, ಪದಕ್ಕೂ ಅದರ ಸುತ್ತಲಿನ ವಾಕ್ಯಕ್ಕೂ ಇರುವ ಅಂತರ ಇನ್ನೊಂದು. ಎರಡನೆಯದು ವಿಲ್ಕ್ಸ್‌ರ ಆದ್ಯತಾಭಂಗದ ಸಂಖ್ಯಾರೂಪ. ಎರಡೂ ವಾಕ್ಯದ ಗಡಿಯೊಳಗೇ ನಿಲ್ಲುತ್ತವೆ. ಅಧಿಕಾರಿಯ ಪ್ರಸ್ತಾಪ ಬಂದದ್ದು ಹಿಂದಿನ ವಾಕ್ಯದಲ್ಲಿ. ಅದನ್ನು ಕಾಣದ ಯಂತ್ರಕ್ಕೆ ಬಂಡೆ ಬಂಡೆಯೇ.