ಹೆಜ್ಜಾರ್ಲೆಯ ತವರು: ಒಂದು ಹಕ್ಕಿ, ಎರಡು ಊರು

ಈ ಸಲದ ಕಥೆಯ ಕೇಂದ್ರದಲ್ಲಿರೋದು ಒಂದು ಹಕ್ಕಿ. ನೀವು ಇದನ್ನ ಪೆಲಿಕನ್ ಅಂತ ಕರೀತೀರಿ. ಉದ್ದ ಕೊಕ್ಕು, ಅದರ ಕೆಳಗೆ ಜೋಳಿಗೆಯ ಹಾಗೆ ತೂಗುವ ಚೀಲ. ಅಮೆರಿಕದ ಸಮುದ್ರ ತೀರದಲ್ಲಿ ಮೀನಿನ ದೋಣಿಗಳ ಹತ್ತಿರ ಕೂತಿರೋದನ್ನ ನಿಮ್ಮಲ್ಲಿ ತುಂಬಾ ಜನ ನೋಡಿರ್ತೀರಿ. ಕನ್ನಡದಲ್ಲಿ ಈ ಹಕ್ಕಿಗೆ ಒಂದು ಸೊಗಸಾದ ಹೆಸರಿದೆ: ಹೆಜ್ಜಾರ್ಲೆ. ಒಂದು ಸಲ ಜೋರಾಗಿ ಹೇಳಿ ನೋಡಿ. ನಾಲಿಗೆ ಸ್ವಲ್ಪ ತೊಡರುತ್ತೆ, ಆದರೆ ಕಲಿತ ಮೇಲೆ ಮರೆಯೋದಿಲ್ಲ.

ಹೆಜ್ಜಾರ್ಲೆಯನ್ನು ಉಳಿಸಿಕೊಂಡ ಎರಡು ಜಾಗಗಳ ಕಥೆ ಇದು. ಒಂದು ಫ್ಲೋರಿಡಾದ ಪುಟ್ಟ ದ್ವೀಪ, ಇನ್ನೊಂದು ಮಂಡ್ಯ ಜಿಲ್ಲೆಯ ಹಳ್ಳಿ. ಎರಡರಲ್ಲೂ ಇರೋದು ಒಂದೇ ಜಾತಿಯ ಹಕ್ಕಿ ಅಲ್ಲ. ಫ್ಲೋರಿಡಾದ್ದು ಕಂದು ಬಣ್ಣದ್ದು, ಆಕಾಶದಿಂದ ಕಲ್ಲು ಬಿದ್ದ ಹಾಗೆ ಸಮುದ್ರಕ್ಕೆ ಧುಮುಕಿ ಮೀನು ಹಿಡಿಯುತ್ತೆ. ನಮ್ಮೂರಿನದು ಬೂದು ಬಣ್ಣದ್ದು, ಕೊಕ್ಕಿನ ಅಂಚಿಗೆ ಚುಕ್ಕೆಗಳ ಸಾಲು. ಕೆರೆಯಲ್ಲಿ ತೇಲುತ್ತಾ ಚೀಲದಲ್ಲಿ ಮೀನನ್ನು ಬಾಚಿಕೊಳ್ಳುತ್ತೆ. ಒಂದೇ ಕುಟುಂಬದ ಅಕ್ಕತಂಗಿಯರು ಅನ್ನಿ.

ಈ ಎರಡು ಕಥೆಗಳನ್ನು ಜೊತೆಗಿಟ್ಟು ಹೇಳೋದಕ್ಕೆ ಕಾರಣ ಇದೆ. ಹೊರದೇಶದಲ್ಲಿರುವ ನಾವು ಎರಡು ಸುಲಭದ ಮಾತುಗಳನ್ನ ಆಗಾಗ ಆಡ್ತೀವಿ. ಒಂದು, "ನಮ್ಮ ಸಂಸ್ಕೃತಿಯಲ್ಲಿ ಪ್ರಾಣಿಪಕ್ಷಿಗಳೆಂದರೆ ದೇವರ ಸಮಾನ." ಇನ್ನೊಂದು, "ಇಲ್ಲಿಯ ಹಾಗೆ ಅಲ್ಲಿ ಕಾನೂನು ಇಲ್ಲ, ಅದಕ್ಕೇ ಎಲ್ಲ ಹಾಳಾಯ್ತು." ಎರಡೂ ಪೂರ್ತಿ ನಿಜ ಅಲ್ಲ. ಹೇಗೆ ಅಂತ ನೋಡೋಣ.

ಟೋಪಿಯ ಮೇಲಿನ ಗರಿ

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ನ್ಯೂಯಾರ್ಕ್, ಲಂಡನ್, ಪ್ಯಾರಿಸ್‌ಗಳಲ್ಲಿ ಹೆಂಗಸರ ಟೋಪಿಗೆ ಹಕ್ಕಿಯ ಗರಿ ಸಿಕ್ಕಿಸೋದು ದೊಡ್ಡ ಫ್ಯಾಶನ್. ಕೆಲವು ಟೋಪಿಗಳ ಮೇಲೆ ಗರಿ ಮಾತ್ರ ಅಲ್ಲ, ಇಡೀ ಹಕ್ಕಿಯೇ ಇರ್ತಿತ್ತು. ಬೆಳ್ಳಕ್ಕಿಯ ನವಿರಾದ ಗರಿ ತೂಕದ ಲೆಕ್ಕದಲ್ಲಿ ಚಿನ್ನಕ್ಕಿಂತ ದುಬಾರಿ. ಆ ಗರಿ ಮೂಡೋದು ಹಕ್ಕಿ ಗೂಡು ಕಟ್ಟುವ ಕಾಲದಲ್ಲಿ. ಹಾಗಾಗಿ ಬೇಟೆಗಾರರು ಗೂಡಿನ ಹತ್ತಿರವೇ ತಾಯಿ ತಂದೆಯನ್ನು ಹೊಡೀತಿದ್ದರು, ಮರಿಗಳು ಹಸಿವಿನಿಂದ ಸಾಯ್ತಿದ್ದವು. ಒಂದು ಗರಿಗೆ ಒಂದು ಸಂಸಾರವೇ ಹೋಗ್ತಿತ್ತು.

ಇದರ ವಿರುದ್ಧ ಮೊದಲು ಎದ್ದವರಲ್ಲಿ ಹೆಂಗಸರು ಮುಂದಿದ್ದರು. 1889ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರ ಎಮಿಲಿ ವಿಲಿಯಮ್ಸನ್ ತಮ್ಮ ಗೆಳತಿಯರನ್ನು ಸೇರಿಸಿ, ಗರಿ ಧರಿಸುವುದಿಲ್ಲ ಎಂಬ ಸಂಘ ಕಟ್ಟಿದರು. ಇವತ್ತು ಬ್ರಿಟನ್ನಿನಲ್ಲಿ ಹಕ್ಕಿಗಳ ರಕ್ಷಣೆಗೆ ಇರುವ ಬಹು ದೊಡ್ಡ ಸಂಸ್ಥೆ ಬೆಳೆದದ್ದು ಅಲ್ಲಿಂದ. 1896ರಲ್ಲಿ ಬಾಸ್ಟನ್‌ನಲ್ಲಿ ಹ್ಯಾರಿಯೆಟ್ ಹೆಮೆನ್‌ವೇ ಮತ್ತು ಮಿನ್ನಾ ಹಾಲ್ ಎಂಬ ಇಬ್ಬರು ಊರಿನ ಸಿರಿವಂತ ಹೆಂಗಸರನ್ನು ಚಹಾಕ್ಕೆ ಕರೆದು, ಗರಿಯ ಟೋಪಿ ಬಿಡಿ ಅಂತ ಒಬ್ಬೊಬ್ಬರಿಗೂ ಹೇಳಿ ಒಪ್ಪಿಸಿದರು. ಅದು ಮ್ಯಾಸಚೂಸೆಟ್ಸ್ ಆಡುಬಾನ್ ಸಂಘದ ಹುಟ್ಟು. ಇಲ್ಲಿ ಒಂದು ವಿಷಯ ಗಮನಿಸಿ: ಕಾನೂನು ಬಂದದ್ದು ಆಮೇಲೆ. ಅದಕ್ಕೂ ಮೊದಲು ಯಾರದೋ ಮನೆಯ ಪಡಸಾಲೆಯಲ್ಲಿ ಚಹಾ ಕುಡೀತಾ ಮನಸ್ಸುಗಳು ಬದಲಾದವು.

ಫ್ಲೋರಿಡಾದ ಪೂರ್ವ ಕರಾವಳಿಯಲ್ಲಿ ಸೆಬಾಸ್ಟಿಯನ್ ಅನ್ನುವ ಊರಿನ ಎದುರು, ಹಿನ್ನೀರಿನಲ್ಲಿ ಪೆಲಿಕನ್ ಐಲ್ಯಾಂಡ್ ಅಂತ ಒಂದು ದ್ವೀಪ. ಪೂರ್ತಿ ಅಳೆದರೂ ಕೆಲವೇ ಎಕರೆ. ಆ ಕರಾವಳಿಯಲ್ಲಿ ಕಂದು ಹೆಜ್ಜಾರ್ಲೆ ಮರಿ ಮಾಡುವ ಕೊನೆಯ ಜಾಗ ಅದೊಂದೇ ಉಳಿದಿತ್ತು. ದಾರಿಯಲ್ಲಿ ಹೋಗುವ ದೋಣಿಗಳವರು ಬರೀ ಮೋಜಿಗೆ ಗುಂಡು ಹಾರಿಸ್ತಿದ್ದರು.

ದ್ವೀಪದ ಎದುರು ದಂಡೆಯಲ್ಲಿ ಪಾಲ್ ಕ್ರೋಗೆಲ್ ಎಂಬ ದೋಣಿ ಕಟ್ಟುವ ಮನುಷ್ಯ ಇದ್ದರು. ಜರ್ಮನಿಯಿಂದ ಚಿಕ್ಕ ವಯಸ್ಸಿನಲ್ಲೇ ತಂದೆಯ ಜೊತೆ ವಲಸೆ ಬಂದವರು. ಹೌದು, ನಮ್ಮ ನಿಮ್ಮ ಹಾಗೆ ಬೇರೆ ದೇಶದಿಂದ ಬಂದು ನೆಲೆಸಿದವರೇ. ಮನೆಯಿಂದ ನೋಡಿದರೆ ದ್ವೀಪ ಕಾಣ್ತಿತ್ತು. ಯಾವುದಾದರೂ ದೋಣಿ ಆ ಕಡೆ ತಿರುಗಿದರೆ ಇವರು ತಮ್ಮ ದೋಣಿ ಹತ್ತಿ, ಬಂದೂಕು ಹಿಡಿದು ಅಡ್ಡ ಹೋಗ್ತಿದ್ದರು. ಯಾರೂ ಅವರಿಗೆ ಆ ಕೆಲಸ ಕೊಟ್ಟಿರಲಿಲ್ಲ.

ಫ್ರಾಂಕ್ ಚಾಪ್‌ಮನ್‌ರಂಥ ಪಕ್ಷಿತಜ್ಞರು ಈ ವಿಷಯವನ್ನು ವಾಷಿಂಗ್ಟನ್‌ಗೆ ಮುಟ್ಟಿಸಿದರು. 1903ರ ಮಾರ್ಚ್ 14ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆ ದ್ವೀಪವನ್ನು ಹಕ್ಕಿಗಳಿಗೆ ಮೀಸಲು ಎಂದು ಆಜ್ಞೆ ಹೊರಡಿಸಿದರು. ಅಮೆರಿಕದ ರಾಷ್ಟ್ರೀಯ ವನ್ಯಜೀವಿ ಆಶ್ರಯತಾಣಗಳಲ್ಲಿ ಅದೇ ಮೊದಲನೆಯದು. ಇವತ್ತು ಅಂಥವು ಐನೂರಕ್ಕೂ ಹೆಚ್ಚು ಇವೆ. ಕ್ರೋಗೆಲ್ ಅವರನ್ನೇ ಕಾವಲುಗಾರರನ್ನಾಗಿ ನೇಮಿಸಿದರು. ಸಂಬಳ ಎಷ್ಟು ಗೊತ್ತಾ? ತಿಂಗಳಿಗೆ ಒಂದು ಡಾಲರ್. ಸರ್ಕಾರ ಇದಕ್ಕೆ ದುಡ್ಡು ತೆಗೆದಿಟ್ಟಿರಲಿಲ್ಲ, ಅದನ್ನೂ ಪಕ್ಷಿಪ್ರಿಯರ ಸಂಘಗಳೇ ಕೊಟ್ಟವು.

ಇಲ್ಲಿಗೆ ಕಥೆ ಸುಖವಾಗಿ ಮುಗೀತು ಅಂದ್ಕೊಂಡ್ರಾ? ಇಲ್ಲ. 1905ರ ಜುಲೈನಲ್ಲಿ ಫ್ಲೋರಿಡಾದ ದಕ್ಷಿಣ ತುದಿಯಲ್ಲಿ ಗೈ ಬ್ರಾಡ್ಲಿ ಎಂಬ ಇನ್ನೊಬ್ಬ ಕಾವಲುಗಾರರನ್ನು ಗರಿ ಬೇಟೆಯವರು ಗುಂಡಿಟ್ಟು ಕೊಂದರು. 1918ರಲ್ಲಿ, ಯುದ್ಧದ ಕಾಲದ ಆಹಾರದ ಕೊರತೆಯ ಮಧ್ಯೆ, ನಮ್ಮ ಮೀನನ್ನೆಲ್ಲ ಇವೇ ತಿಂದು ಹಾಕ್ತಿವೆ ಅಂತ ಮೀನುಗಾರರು ಸಿಟ್ಟಾದರು. ಯಾರೋ ಪೆಲಿಕನ್ ಐಲ್ಯಾಂಡಿಗೆ ನುಗ್ಗಿ, ಹಾರಲು ಬಾರದ ನೂರಾರು ಮರಿಗಳನ್ನು ದೊಣ್ಣೆಯಿಂದ ಬಡಿದು ಹಾಕಿದರು. ಈ ಹಕ್ಕಿ ತಿನ್ನುವುದರಲ್ಲಿ ಬಹುಪಾಲು ಮಾರುಕಟ್ಟೆಗೆ ಬಾರದ ಸಣ್ಣ ಮೀನು ಅಂತ ಆಡುಬಾನ್ ಸಂಘದವರು ತೋರಿಸಿಕೊಡಬೇಕಾಯ್ತು.

ಆಮೇಲೆ ಬಂದದ್ದು ಡಿಡಿಟಿ. ಹೊಲಕ್ಕೆ ಹೊಡೆದ ಕೀಟನಾಶಕ ನೀರಿಗೆ ಸೇರಿ, ನೀರಿನಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ಹೋಯ್ತು. ಮೊಟ್ಟೆಯ ಚಿಪ್ಪು ಎಷ್ಟು ತೆಳುವಾಯ್ತು ಅಂದರೆ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೀತಿತ್ತು. ಪೆಲಿಕನ್ ರಾಜ್ಯ ಅಂತ ಅಡ್ಡಹೆಸರಿರುವ ಲೂಯಿಸಿಯಾನಾದಲ್ಲೇ ಹಕ್ಕಿ ಇಲ್ಲವಾಗಿ, 1968ರಿಂದ ಫ್ಲೋರಿಡಾದ ಮರಿಗಳನ್ನು ತಂದು ಬಿಡಬೇಕಾಯ್ತು. 1970ರಲ್ಲಿ ಕಂದು ಹೆಜ್ಜಾರ್ಲೆಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು, 1972ರಲ್ಲಿ ಡಿಡಿಟಿಗೆ ನಿಷೇಧ ಬಂತು, 2009ರಲ್ಲಿ ಹಕ್ಕಿ ಆ ಪಟ್ಟಿಯಿಂದ ಪೂರ್ತಿ ಹೊರಬಂತು. ದ್ವೀಪದ ಸುತ್ತ ಕಾವಲು ಇಟ್ಟರೆ ಬಂದೂಕು ತಡೆಯಬಹುದು. ನೀರಿನಲ್ಲಿ ಕರಗಿ ಬರುವ ವಿಷಕ್ಕೆ ಯಾವ ಕಾವಲು?

ಬಾಣಂತನಕ್ಕೆ ಬರುವ ಮಗಳು

ಈಗ ಬೆಂಗಳೂರು–ಮೈಸೂರು ಹೆದ್ದಾರಿಗೆ ಬನ್ನಿ. ಮದ್ದೂರಿನ ಸುತ್ತಮುತ್ತ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ, ಶಿಂಷಾ ನದಿಯ ಹತ್ತಿರ ಕೊಕ್ಕರೆ ಬೆಳ್ಳೂರು ಸಿಗುತ್ತೆ. ಅದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿ ಇನ್ನೊಂದು ಬೆಳ್ಳೂರಿದೆ. ಇದು ಕೊಕ್ಕರೆಗಳ ಬೆಳ್ಳೂರು.

ಇಲ್ಲಿ ದ್ವೀಪ ಇಲ್ಲ, ಬೇಲಿ ಇಲ್ಲ. ಚಳಿಗಾಲ ಶುರುವಾಗುತ್ತಿದ್ದ ಹಾಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಊರಿನ ನಡುವೆ, ಮನೆಗಳ ಹಿತ್ತಿಲಿನ ಹುಣಸೆ, ಆಲ, ಅರಳಿ ಮರಗಳ ಮೇಲೆ ಗೂಡು ಕಟ್ಟುತ್ತವೆ. ಕೆಳಗೆ ಹಸು ಕಟ್ಟಿರುತ್ತೆ, ಮಕ್ಕಳು ಆಡ್ತಿರ್ತಾರೆ, ಯಾರೋ ಬಟ್ಟೆ ಒಣಗಿಸ್ತಿರ್ತಾರೆ. ಮೇಲೆ ಮರಿಗಳು ಊಟಕ್ಕಾಗಿ ಅರಚ್ತಿರುತ್ತವೆ. ಮಳೆಗಾಲದ ಹೊತ್ತಿಗೆ ಮರಿಗಳು ಹಾರಲು ಕಲಿತು, ಎಲ್ಲ ಹೊರಟು ಹೋಗುತ್ತವೆ.

ಊರಿನವರು ಈ ಹಕ್ಕಿಗಳ ಬಗ್ಗೆ ಹೇಳುವ ಮಾತು, ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ. ಕನ್ನಡ ಕಲೀತಿರೋರಿಗೆ ಈ ಎರಡು ಪದ ಬಿಡಿಸಿ ಹೇಳ್ತೀನಿ. ತವರು ಅಂದ್ರೆ ಮದುವೆಯಾದ ಹೆಣ್ಣಿನ ಹುಟ್ಟಿದ ಮನೆ. ಬಾಣಂತನ ಅಂದ್ರೆ ಹೆರಿಗೆಯಾದ ಮೇಲೆ ತಾಯಿ ಮಗುವಿಗೆ ಮಾಡುವ ಆರೈಕೆ. ಮಗಳು ಬಂದಾಗ ಮನೆಯಲ್ಲಿ ಕೆಲಸ ಹೆಚ್ಚುತ್ತೆ, ಖರ್ಚು ಹೆಚ್ಚುತ್ತೆ, ನಿದ್ದೆ ಕೆಡುತ್ತೆ. ಆದರೂ ಬರಬೇಡ ಅಂತ ಯಾರೂ ಹೇಳಲ್ಲ. ಹಕ್ಕಿಯನ್ನು ದೇವರು ಅನ್ನೋದಕ್ಕೂ ಮಗಳು ಅನ್ನೋದಕ್ಕೂ ವ್ಯತ್ಯಾಸ ಇದೆ. ದೇವರಿಗೆ ದೂರದಿಂದ ಕೈ ಮುಗಿದರೆ ಸಾಕು. ಮಗಳ ಬಾಣಂತನ ದೂರದಿಂದ ಮಾಡೋಕಾಗಲ್ಲ.

ಹಿಂದೆ ಊರು ಶಿಂಷಾ ದಂಡೆಯಲ್ಲಿತ್ತಂತೆ. ಸುಮಾರು ನೂರು ವರ್ಷದ ಹಿಂದೆ ಪ್ಲೇಗ್ ಬಂದಾಗ ಜನ ಈಗಿರುವ ಜಾಗಕ್ಕೆ ಬಂದರು, ಹಕ್ಕಿಗಳೂ ಅವರ ಹಿಂದೆಯೇ ಬಂದವು ಅನ್ನೋದು ಊರಿನ ಹಿರಿಯರ ಮಾತು.

ಇದರ ಬೆಲೆ ತಿಳಿಯಬೇಕಾದರೆ ಬರ್ಮಾದ ಕಡೆ ಒಮ್ಮೆ ನೋಡಿ. 1877ರಲ್ಲಿ ಯೂಜಿನ್ ಓಟ್ಸ್ ಎಂಬ ಪಕ್ಷಿತಜ್ಞರು ಅಲ್ಲಿಯ ಸಿತ್ತಾಂಗ್ ನದಿಯ ಬಯಲಿನಲ್ಲಿ ಇದೇ ಚುಕ್ಕೆ ಕೊಕ್ಕಿನ ಹೆಜ್ಜಾರ್ಲೆಗಳು ಲಕ್ಷಗಟ್ಟಲೆ ಇದ್ದುದನ್ನು ಬರೆದಿಟ್ಟರು. 1930ರ ದಶಕ ಮುಗಿಯುವಷ್ಟರಲ್ಲಿ ಅಲ್ಲಿ ಒಂದೂ ಗೂಡು ಉಳಿದಿರಲಿಲ್ಲ. ಲಕ್ಷಗಟ್ಟಲೆ ಇದ್ದದ್ದು ಅಲ್ಲಿ ಹೋಯ್ತು, ಹಿತ್ತಿಲ ಹುಣಸೆ ಮರದ ಮೇಲಿದ್ದದ್ದು ಇಲ್ಲಿ ಉಳೀತು.

ಪ್ರೀತಿಗೂ ಲೆಕ್ಕ ಇದೆ

ಹಾಗಾದ್ರೆ ಸಂಪ್ರದಾಯ ಇದ್ದರೆ ಸಾಕಾ? ಹುಣಸೆ ಮರವನ್ನೇ ಕೇಳೋಣ.

ಹುಣಸೆಹಣ್ಣು ಕೊಯ್ಲಿಗೆ ಬರೋದು ಬೇಸಿಗೆಯ ಆರಂಭದಲ್ಲಿ, ಗೂಡಿನಲ್ಲಿ ಮರಿ ಇರುವ ಸಮಯಕ್ಕೇ ಸರಿಯಾಗಿ. ಹಣ್ಣು ಬೇಕಾದರೆ ಮರ ಹತ್ತಿ ಕೊಂಬೆ ಅಲುಗಿಸಬೇಕು. ಅಲುಗಿಸಿದರೆ ಮರಿ ಬೀಳುತ್ತೆ. ಅಂದರೆ ಗೂಡಿರುವ ಮರದ ಯಜಮಾನರು ಆ ವರ್ಷದ ಫಸಲು ಬಿಡಬೇಕು. ಹಕ್ಕಿಗಳ ಹಿಕ್ಕೆ ಹೊಲಕ್ಕೆ ಒಳ್ಳೆ ಗೊಬ್ಬರ, ಅದನ್ನು ಊರಿನವರು ಬಳಸಿಕೊಂಡಿದ್ದಾರೆ. ಆದರೆ ಹಿಕ್ಕೆಯ ವಾಸನೆ, ಬಿದ್ದ ಮೀನಿನ ವಾಸನೆ ತಿಂಗಳುಗಟ್ಟಲೆ ಸಹಿಸಬೇಕು. ಬಡತನದಲ್ಲಿರುವ ಮನೆಗೆ ಒಂದು ಮರ ಕಡಿದು ಮಾರಿದರೆ ಕೈಗೆ ದುಡ್ಡು ಬರುತ್ತೆ. ಮಗಳು ಅನ್ನೋ ಮಾತು ನಿಜವೇ, ಹೊಟ್ಟೆಯೂ ನಿಜವೇ.

ಇದನ್ನು ಅರ್ಥ ಮಾಡಿಕೊಂಡವರು ಎಸ್. ಜಿ. ನೇಗಿನಹಾಳ ಎಂಬ ಅರಣ್ಯಾಧಿಕಾರಿ. 1976ರಲ್ಲಿ ಅವರು ಈ ಊರಿನ ಹಕ್ಕಿಗಳ ಬಗ್ಗೆ ಹೊರಜಗತ್ತಿಗೆ ತಿಳಿಸಿದರು. ಆಮೇಲೆ ಗೂಡಿರುವ ಮರಗಳ ಯಜಮಾನರಿಗೆ ಸರ್ಕಾರದಿಂದ ಪರಿಹಾರ ಕೊಡುವ ಪದ್ಧತಿ ಬಂತು. ಮೊತ್ತ ದೊಡ್ಡದಲ್ಲ, ಅದು ಹೆಚ್ಚಾಗಬೇಕು, ಸಮಯಕ್ಕೆ ಕೈಸೇರಬೇಕು ಅನ್ನುವ ಮಾತು ಊರಿನಲ್ಲಿ ಇದ್ದೇ ಇದೆ. ಆದರೂ ಅದರ ಹಿಂದಿನ ವಿಚಾರ ಸರಿಯಾಗಿತ್ತು: ಹಕ್ಕಿ ಎಲ್ಲರದ್ದು ಅನ್ನೋದಾದರೆ, ಅದನ್ನು ಸಾಕುವ ಭಾರ ಒಂದೇ ಮನೆಯ ಮೇಲೆ ಬೀಳಬಾರದು.

1990ರ ದಶಕದಲ್ಲಿ ಮೈಸೂರಿನ ಕೆ. ಮನು ಮತ್ತು ಅವರ ಗೆಳೆಯರು ಇಲ್ಲಿ ಕೆಲಸಕ್ಕೆ ನಿಂತರು. ಊರಿನ ಯುವಕರು ಸೇರಿ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡರು. ಗಾಳಿಗೆ ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಬಲೆ ಕಟ್ಟಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ಹಾರುವಷ್ಟು ಬೆಳೆಸಿ ಬಿಡುವ ಕೆಲಸ ಶುರುವಾಯ್ತು. ಗೂಡಿನಿಂದ ಬಿದ್ದ ಮರಿಗೆ ತಾಯಿ ಕೆಳಗಿಳಿದು ಉಣಿಸೋದಿಲ್ಲ. ಯಾರೂ ಎತ್ತದಿದ್ದರೆ ಅದು ಸತ್ತ ಹಾಗೇ.

2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆಯಾಯ್ತು. ಪಕ್ಕದ ರಂಗನತಿಟ್ಟಿನ ಜೊತೆ ಹೋಲಿಸಿ ನೋಡಿ. ಅದು ಕಾವೇರಿಯ ನಡುಗಡ್ಡೆಗಳು. ಸಲೀಂ ಅಲಿಯವರು ಮೈಸೂರು ಅರಸರಿಗೆ ಹೇಳಿ, 1940ರಲ್ಲಿ ಪಕ್ಷಿಧಾಮವಾಯ್ತು. ಅಲ್ಲಿ ಮನುಷ್ಯ ದೋಣಿಯಲ್ಲಿ ಬಂದು ನೋಡಿ ಹೋಗುವ ನೆಂಟ, ಪೆಲಿಕನ್ ಐಲ್ಯಾಂಡಿನ ಹಾಗೆ. ಸಮುದಾಯ ಮೀಸಲಿನಲ್ಲಿ ಜನ ಊರು ಬಿಡಬೇಕಾಗಿಲ್ಲ, ಮರ ಮನೆ ಅವರದ್ದೇ. ಆಗಿನ ಕಾನೂನಿನ ಪ್ರಕಾರ ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿ ಹೆಸರಿಸಿದ ಐವರು, ಅರಣ್ಯ ಇಲಾಖೆಯ ಒಬ್ಬರು.

ಇಲ್ಲೂ ಕಥೆ ಮುಗಿದಿಲ್ಲ. ಹೆಜ್ಜಾರ್ಲೆಗೆ ಗೂಡು ಊರಿನಲ್ಲಿ, ಊಟ ಸುತ್ತಲ ಕೆರೆಗಳಲ್ಲಿ ಮತ್ತು ಶಿಂಷಾದಲ್ಲಿ. ಮಳೆ ಕೈಕೊಟ್ಟರೆ ಕೆರೆ ಬತ್ತುತ್ತೆ, ನಗರದ ಕೊಳೆ ಸೇರಿದರೆ ನೀರು ಕೆಡುತ್ತೆ. 2017ರ ಕೊನೆಯಿಂದ 2018ರವರೆಗೆ ಇಲ್ಲಿ ಹಲವು ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತು ಬಿದ್ದವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಹುಳು ಸಿಕ್ಕಿತು. ಅದು ಮೀನಿನ ಮೂಲಕ ಬಂದದ್ದು. ಫ್ಲೋರಿಡಾದ ಡಿಡಿಟಿ ನೆನಪಾಗುತ್ತೆ, ಅಲ್ವಾ? ಕಾರಣ ಬೇರೆ, ದಾರಿ ಒಂದೇ. ಊರಿನವರು ಎಷ್ಟೇ ಅಕ್ಕರೆಯಿಂದ ನೋಡಿಕೊಂಡರೂ, ಹತ್ತಾರು ಮೈಲಿ ಆಚೆಯ ಕೆರೆ ಅವರ ಕೈಯಲ್ಲಿಲ್ಲ.

ಈಗ ಮೊದಲಿನ ಆ ಎರಡು ಮಾತಿಗೆ ಬರೋಣ. ಫ್ಲೋರಿಡಾದಲ್ಲಿ ಕಾನೂನು ಹಕ್ಕಿಯನ್ನು ಉಳಿಸಿತು. ಆದರೆ ಆ ಕಾನೂನು ಕೆಲಸ ಮಾಡಿದ್ದು ತಿಂಗಳಿಗೆ ಒಂದು ಡಾಲರಿಗೆ ದೋಣಿ ಹತ್ತಲು ಒಬ್ಬ ಮನುಷ್ಯ ತಯಾರಿದ್ದದ್ದರಿಂದ, ಗರಿ ಬೇಡ ಅನ್ನಲು ಹೆಂಗಸರು ತಯಾರಿದ್ದದ್ದರಿಂದ. ಬೆಳ್ಳೂರಿನಲ್ಲಿ ಅಕ್ಕರೆ ಹಕ್ಕಿಯನ್ನು ಉಳಿಸಿತು. ಆದರೆ ಆ ಅಕ್ಕರೆಗೆ ಪರಿಹಾರದ ದುಡ್ಡು, ಬಲೆ ಕಟ್ಟಿದ ಆವರಣ, ಒಂದು ಸರ್ಕಾರಿ ಆದೇಶ, ನೀರಿರುವ ಕೆರೆ ಎಲ್ಲವೂ ಬೇಕಾದವು. ಪಶ್ಚಿಮದವರು ಹೀಗೆ, ನಾವು ಹಾಗೆ ಅನ್ನೋ ಹೋಲಿಕೆ ಇಲ್ಲಿ ನಿಲ್ಲೋದಿಲ್ಲ. ದಯೆ ಎರಡೂ ಕಡೆ ಇತ್ತು, ಕ್ರೌರ್ಯವೂ ಇತ್ತು, ಮತ್ತು ಎರಡೂ ಕಡೆ ದಯೆಯ ಖರ್ಚನ್ನು ಯಾರೋ ಒಬ್ಬರು ಹೊರಬೇಕಾಗಿತ್ತು.

ಮುಂದಿನ ಸಲ ಚಳಿಗಾಲದ ರಜೆಗೆ ಊರಿಗೆ ಹೋದಾಗ, ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಅರ್ಧ ದಿನ ಬಿಡುವು ಮಾಡಿಕೊಂಡು ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಮಕ್ಕಳನ್ನೂ ಕರ್ಕೊಂಡು ಹೋಗಿ. ಮರದ ಕೆಳಗೆ ಗದ್ದಲ ಮಾಡಬೇಡಿ. ಫೋಟೋಕ್ಕಾಗಿ ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸಬೇಡಿ. ಹಕ್ಕಿ ನೋಡಿದ ಮೇಲೆ ಮರದ ಯಜಮಾನರನ್ನೂ ಮಾತಾಡಿಸಿ. ಈ ವರ್ಷ ಹುಣಸೆ ಎಷ್ಟು ಹೋಯ್ತು, ಪರಿಹಾರ ಬಂತಾ, ಕೆರೆಯಲ್ಲಿ ನೀರಿದೆಯಾ ಅಂತ ಕೇಳಿ. ಬಾಣಂತಿ ಇರುವ ಮನೆಗೆ ಹೋದವರು ಮಗುವನ್ನು ನೋಡಿ ಹಾಗೇ ಎದ್ದು ಬರೋದಿಲ್ಲ, ಆರೈಕೆ ಮಾಡುತ್ತಿರುವ ಅಜ್ಜಿಯನ್ನೂ ಹೇಗಿದ್ದೀರಿ ಅಂತ ವಿಚಾರಿಸ್ತಾರೆ.