ಉಪ್ಪು, ಬೆಲ್ಲ ಮತ್ತು ಢಾಕಾದ ಪಾಠ

ವಾಂತಿಭೇದಿ ಕಾಲಿಟ್ಟರೆ ಊರಿಗೆ ಊರೇ ಖಾಲಿಯಾಗುತ್ತಿದ್ದ ಕಾಲವೊಂದಿತ್ತು. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವರು ಸಂಜೆಗೆ ಇರುತ್ತಿರಲಿಲ್ಲ. ದೇಹದ ನೀರು, ಲವಣ ಸೋರಿಹೋಗುವುದೇ ಕಾಲರಾದಲ್ಲಿ ಸಾವಿಗೆ ಕಾರಣ. ರಕ್ತನಾಳಕ್ಕೆ ಸಲೈನ್ ಕೊಟ್ಟರೆ ರೋಗಿ ಬದುಕುತ್ತಾನೆಂಬುದು ವೈದ್ಯರಿಗೆ ಗೊತ್ತಿತ್ತು. ಆದರೆ ಹಳ್ಳಿಯ ಗುಡಿಸಲಿಗೆ ಸಲೈನ್ ತಲುಪಿಸುವುದು ಹೇಗೆ?

ಈ ರೋಗದ ಅಧ್ಯಯನಕ್ಕಾಗಿ 1960ರಲ್ಲಿ, ಅಂದಿನ ಪೂರ್ವ ಪಾಕಿಸ್ತಾನದ ಢಾಕಾದಲ್ಲಿ ಕಾಲರಾ ಸಂಶೋಧನಾ ಪ್ರಯೋಗಾಲಯ ಸ್ಥಾಪನೆಯಾಯಿತು. ವೈದ್ಯಕೀಯ ಓದು ಮುಗಿಸಿ ಹೆಚ್ಚು ಕಾಲವಾಗಿರದ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಅಮೆರಿಕನ್ ಯುವಕರು 1967ರಲ್ಲಿ ಅಲ್ಲಿಗೆ ಬಂದರು. ಇಬ್ಬರಿಗೂ ಆಗ 26ರ ಪ್ರಾಯ.

ಸಕ್ಕರೆಯ ಅಂಶವಾದ ಗ್ಲೂಕೋಸ್ ಜೊತೆಗಿದ್ದರೆ, ಕಾಲರಾ ಪೀಡಿತ ಕರುಳು ಕೂಡ ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆಂಬುದು ಆ ಹೊತ್ತಿಗೆ ತಿಳಿದಿತ್ತು. ಕಲ್ಕತ್ತಾದ ಡಾ. ಹೇಮೇಂದ್ರನಾಥ ಚಟರ್ಜಿಯವರು ರೋಗಿಗಳಿಗೆ ಉಪ್ಪು-ಗ್ಲೂಕೋಸ್ ನೀರು ಕುಡಿಸಿ ಗುಣಪಡಿಸಿದ್ದನ್ನು 1953ರಲ್ಲೇ ಪ್ರಕಟಿಸಿದ್ದರು. ಪಾಶ್ಚಾತ್ಯ ವೈದ್ಯಲೋಕ ಅದಕ್ಕೆ ಕಿವಿಗೊಡಲಿಲ್ಲ. 1962ರಲ್ಲಿ ಮನಿಲಾದಲ್ಲಿ ನಡೆದ ಪ್ರಯೋಗದಲ್ಲಿ ಕೆಲವು ರೋಗಿಗಳು ಸತ್ತಿದ್ದರಿಂದ ಹಿರಿಯರಲ್ಲಿ ಅಳುಕೂ ಇತ್ತು. ನಾಲಿನ್ ಮತ್ತು ಕ್ಯಾಶ್ ಕಂಡುಕೊಂಡ ಗುಟ್ಟು ಸರಳ: ರೋಗಿಯ ದೇಹದಿಂದ ಹೋದ ನೀರನ್ನು ಅಳೆಯಬೇಕು, ಅದಕ್ಕೆ ಸರಿಹೊಂದುವಷ್ಟನ್ನು ಕುಡಿಸಬೇಕು. 1968ರಲ್ಲಿ ಢಾಕಾದ 29 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಸಲೈನ್‌ನ ಅಗತ್ಯ ಸುಮಾರು ಶೇ. 80ರಷ್ಟು ತಗ್ಗಿತು. ಅದೇ ವರ್ಷ ಪ್ರಕಟವಾದ ಪ್ರಬಂಧದಲ್ಲಿ ಇಸ್ಲಾಂ ಮತ್ತು ಮೊಲ್ಲಾ ಎಂಬ ಬಂಗಾಳಿ ಸಹೋದ್ಯೋಗಿಗಳ ಹೆಸರುಗಳೂ ಇದ್ದವು. ಜಗತ್ತು ಆ ಹೆಸರುಗಳನ್ನು ಅಷ್ಟಾಗಿ ನೆನಪಿಟ್ಟುಕೊಳ್ಳಲಿಲ್ಲ.

1971ರ ಯುದ್ಧಕಾಲದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬೀಸ್ ಅವರು ಡ್ರಮ್ಮುಗಳಲ್ಲಿ ದ್ರಾವಣ ತುಂಬಿಸಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಅಲ್ಲಿ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು.

ಆದರೂ ಮನೆಮನೆಗೆ ತಲುಪುವ ಕೆಲಸ ಬಾಕಿಯಿತ್ತು. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 1980ರಲ್ಲಿ ಅದಕ್ಕೆ ಕೈಹಾಕಿತು. ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ಕಾರ್ಯಕರ್ತೆಯರು ತಾಯಂದಿರಿಗೆ ಕಲಿಸಿದರು. ತಾಯಿ ಎಷ್ಟನ್ನು ನೆನಪಿಟ್ಟುಕೊಂಡಿದ್ದಾಳೆ ಎಂಬುದರ ಮೇಲೆ ಕಲಿಸಿದವಳ ಸಂಬಳ ನಿರ್ಧಾರವಾಗುತ್ತಿತ್ತು. ತಾಯಂದಿರು ಪಾಠ ಒಪ್ಪಿಸಿದರು, ಆದರೆ ಮಗುವಿಗೆ ಭೇದಿಯಾದಾಗ ಕುಡಿಸಿದವರು ತೀರಾ ಕಡಿಮೆ! ವಿಚಾರಿಸಿ ನೋಡಿದರೆ, ಕಾರ್ಯಕರ್ತರಲ್ಲೇ ಹಲವರಿಗೆ ಆ ನೀರಿನ ಮೇಲೆ ನಂಬಿಕೆಯಿರಲಿಲ್ಲ. ಮನೆಯ ಗಂಡಸರಿಗಂತೂ ಯಾರೂ ಏನೂ ಹೇಳಿರಲಿಲ್ಲ. ಆಮೇಲೆ ಮಸೀದಿಗಳಲ್ಲಿ, ಸಂತೆಗಳಲ್ಲಿ, ಶಾಲೆಗಳಲ್ಲಿ ಗಂಡಸರನ್ನೂ ಕೂರಿಸಿ ವಿವರಿಸಲಾಯಿತು. 1990ರ ಹೊತ್ತಿಗೆ ಈ ಪಾಠ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳನ್ನು ಮುಟ್ಟಿತ್ತು.

ಪರದೇಶದಿಂದ ಬಂದ ಸಂಶೋಧಕ ಮಾದರಿಗಳನ್ನು ಸಂಗ್ರಹಿಸಿ, ಪ್ರಬಂಧ ಬರೆದು ಹೊರಟುಹೋಗುವುದು ಹೊಸತೇನಲ್ಲ. ಹಾಗೆ ಹೋದರೆ ಅವನಿಗೆ ಪದವಿ ಸಿಗುತ್ತದೆ, ಊರಿಗೆ ಏನೂ ಸಿಗುವುದಿಲ್ಲ. ಢಾಕಾದಲ್ಲಿ ಅದು ಹಾಗಾಗಲಿಲ್ಲ. ಸಂಶೋಧನೆಯನ್ನು ಅಲ್ಲಿನವರೇ ಕೈಗೆತ್ತಿಕೊಂಡರು, ತಪ್ಪಿದಲ್ಲಿ ತಿದ್ದಿಕೊಂಡರು. ಕ್ಯಾಶ್ ಕೂಡ 2024ರಲ್ಲಿ ತೀರಿಕೊಳ್ಳುವವರೆಗೂ ಆ ನಂಟು ಬಿಡಲಿಲ್ಲ. 2004ರಲ್ಲಿ ಢಾಕಾದಲ್ಲಿ ಆರಂಭವಾದ ಬ್ರ್ಯಾಕ್‌ನ ಸಾರ್ವಜನಿಕ ಆರೋಗ್ಯ ಶಾಲೆಯಲ್ಲಿ ಅವರು ಪಾಠ ಮಾಡಿದರು. ಹಲವು ದೇಶಗಳ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಬಾಂಗ್ಲಾದ ಹಳ್ಳಿಗಳಲ್ಲಿ ಕಲಿಯುತ್ತಾರೆ.

ಒಂದು ಕಾಲಕ್ಕೆ ಕಲಿಸಲು ಬಂದವರ ದೇಶಗಳಿಂದ ಈಗ ಕಲಿಯಲು ಬರುತ್ತಿದ್ದಾರೆ. ಪರದೇಶಕ್ಕೆ ಅಧ್ಯಯನಕ್ಕೆಂದು ಹೊರಡುವ ನಮ್ಮ ಮಕ್ಕಳೂ ಈ ಚರಿತ್ರೆಯನ್ನು ಓದಿಕೊಂಡು ಹೋಗಲಿ. ಪ್ರಯೋಗಾಲಯ ಕಂಡುಹಿಡಿದದ್ದು ಮಗುವಿನ ಪ್ರಾಣ ಉಳಿಸಬೇಕಾದರೆ, ಅದು ಆ ಮಗುವಿನ ತಾಯಿಯ ಕೈ ಸೇರಬೇಕು.