ವಿಮೆಯ ಲೆಕ್ಕದಲ್ಲಿ ಹಲ್ಲು ಮತ್ತು ದವಡೆ

ನಮ್ಮ ದೇಶದ ಆರೋಗ್ಯ ವಿಮೆಯ ಚರಿತ್ರೆಯಲ್ಲಿ ಬಾಯಿಗೆ ಯಾವಾಗಲೂ ಮಲತಾಯಿ ಧೋರಣೆ. ಹೃದಯ, ಮೂತ್ರಪಿಂಡಗಳ ತೊಂದರೆಯನ್ನು ರೋಗವೆಂದು ಒಪ್ಪಿದ ವಿಮೆ, ಸೊಟ್ಟ ಹಲ್ಲು ಮತ್ತು ಓರೆ ದವಡೆಯನ್ನು ಸೌಂದರ್ಯದ ಮಾತೆಂದು ಬದಿಗಿಟ್ಟಿತು. ಈ ಗೆರೆ ಎಳೆದದ್ದು ಯಾವಾಗ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಬಡ ಕುಟುಂಬಗಳಿಗೆ ಇದು ಮಗುವಿನ ಊಟ, ಮಾತು, ಮದುವೆಗೆ ಸಂಬಂಧಿಸಿದ ಪ್ರಶ್ನೆ.

1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದದ್ದು 1958ರಲ್ಲಿ. ಆದರೆ ಅದು ಕಾರ್ಖಾನೆಯ ನೌಕರನಿಗೆ. ಹೊಗೆಸೊಪ್ಪು ಬೆಳೆಯುವ ರೈತ, ಅದನ್ನು ಹದ ಮಾಡುವ ಕೂಲಿ, ಹಾಡಿಯ ಜೇನುಕುರುಬ ಅದರ ಹೊರಗೇ ಉಳಿದರು. ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ 1976ರ ಕಾಯ್ದೆಯಿಂದ ಕಲ್ಯಾಣ ನಿಧಿಯೊಂದು ಹುಟ್ಟಿತು. 1986ರಲ್ಲಿ ಸರ್ಕಾರಿ ವಿಮಾ ಕಂಪನಿಗಳು ಮೆಡಿಕ್ಲೈಮ್ ತಂದವು. ಆಸ್ಪತ್ರೆಗೆ ದಾಖಲಾಗದ ಹೊರತು ಹಲ್ಲಿನ ಚಿಕಿತ್ಸೆಗೆ ಹಣವಿಲ್ಲ ಎಂಬ ಷರತ್ತು ಅದರಲ್ಲಿತ್ತು. ಅನಿರೀಕ್ಷಿತ ಆಪತ್ತಿಗಾಗಿ ಇರುವುದು ವಿಮೆ. ತಿಂಗಳಿಗೊಮ್ಮೆ ಹೋಗಿ ತಂತಿ ಬಿಗಿಸಿಕೊಳ್ಳುವುದು ಆಪತ್ತಲ್ಲ ಎಂಬುದು ಅದರ ತರ್ಕ.

ಈ ತರ್ಕ ಸೋಲುವುದು ದವಡೆಯ ವಿಷಯದಲ್ಲಿ. ಸೀಳುತುಟಿ, ಸೀಳಂಗುಳದೊಂದಿಗೆ ಹುಟ್ಟಿದ ಮಗುವನ್ನೇ ನೋಡಿ. ಮೊದಲ ಕೆಲವು ತಿಂಗಳಲ್ಲಿ ತುಟಿಗೆ, ಸುಮಾರು ಒಂದು ವರ್ಷದ ಹೊತ್ತಿಗೆ ಅಂಗುಳಕ್ಕೆ ಶಸ್ತ್ರಚಿಕಿತ್ಸೆ. ಬಳಿಕ ಮಾತಿನ ತರಬೇತಿ. ಇದಕ್ಕೆ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ. ಎಂಟು ಹತ್ತರ ವಯಸ್ಸಿನಲ್ಲಿ ಹಲವರಿಗೆ ವಸಡಿಗೆ ಮೂಳೆ ತುಂಬಬೇಕು. ಬೆಳವಣಿಗೆ ನಿಂತ ಮೇಲೆ ಕೆಲವರ ದವಡೆಯನ್ನೇ ಕತ್ತರಿಸಿ ಕೂಡಿಸಬೇಕು. ಅದಕ್ಕೆ ಮೊದಲು ವರ್ಷ, ಒಂದೂವರೆ ವರ್ಷ ತಂತಿ. ಆಮೇಲೂ ಕೆಲವು ತಿಂಗಳು. ತಂತಿಯಿಲ್ಲದೆ ಶಸ್ತ್ರಚಿಕಿತ್ಸೆ ಅರ್ಧ ಕೆಲಸ. ವಿಮೆಯ ಕಣ್ಣಿಗೆ ಬೀಳುವುದು ಮಾತ್ರ ಆಸ್ಪತ್ರೆಯ ಆ ಕೆಲವು ದಿನಗಳು.

ಹೊಸ ಪ್ರಯೋಗಗಳು ನಡೆದದ್ದು ನಮ್ಮಲ್ಲೇ. 2002ರಲ್ಲಿ ಇದೇ ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ಕರುಣಾ ಟ್ರಸ್ಟ್ ಸಮುದಾಯ ವಿಮೆ ಆರಂಭಿಸಿತು. ಆಸ್ಪತ್ರೆಯಲ್ಲಿ ಮಲಗಿದ ದಿನಗಳ ಕೂಲಿ ನಷ್ಟವನ್ನೂ ತುಂಬಿಕೊಡುವುದು ಅದರ ವಿಶೇಷ. 2003ರ ಜೂನ್‌ನಲ್ಲಿ ಯಶಸ್ವಿನಿ ಬಂತು. ವರ್ಷಕ್ಕೆ 60 ರೂಪಾಯಿ ಕೊಟ್ಟರೆ ಸಹಕಾರ ಸಂಘದ ರೈತನಿಗೆ ಒಂದೂವರೆ ಸಾವಿರಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆ ಲಭ್ಯ. ಹಾಲಿನ ಡೇರಿಯ, ಚುಂಚನಕಟ್ಟೆ ಸಕ್ಕರೆ ಕಾರ್ಖಾನೆಯ ಸದಸ್ಯನಿಗೆ ಇದು ದೊಡ್ಡ ಮಾತು. ಆದರೆ ಸಂಘದ ಸದಸ್ಯತ್ವವೇ ಬಾಗಿಲಾದ್ದರಿಂದ ಭೂರಹಿತರಲ್ಲಿ ಅನೇಕರು ಹೊರಗುಳಿದರು. ಒಳಗಿದ್ದವರಿಗೂ ದಂತ ಶಸ್ತ್ರಚಿಕಿತ್ಸೆ, ಸೌಂದರ್ಯ ಚಿಕಿತ್ಸೆ ಇರಲಿಲ್ಲ. ಸೀಳುತುಟಿಯ ಮಕ್ಕಳಿಗೆ ಆಗ ಆಸರೆಯಾದದ್ದು 2000ದಿಂದ ಭಾರತದಲ್ಲಿ ಕೆಲಸ ಮಾಡುತ್ತಿರುವ ಸ್ಮೈಲ್ ಟ್ರೇನ್‌ನಂಥ ದಾನ ಸಂಸ್ಥೆಗಳು. ಹಕ್ಕಾಗಬೇಕಾದದ್ದು ದಾನವಾಗಿ ಬಂತು.

2010ರಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ 2012ರಲ್ಲಿ ಮೈಸೂರು ವಿಭಾಗಕ್ಕೆ ವಿಸ್ತರಿಸಿತು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಸೀಳುತುಟಿಯನ್ನು ಅಂಗನವಾಡಿ, ಶಾಲೆಗಳ ತಪಾಸಣೆಯ ಪಟ್ಟಿಗೆ ಸೇರಿಸಿತು. ಅದರ ಮರುವರ್ಷ ರಾಜ್ಯ ಸರ್ಕಾರ ಪ್ರಕಟಿಸಿದ ದಂತಭಾಗ್ಯ ಬಡ ವೃದ್ಧರಿಗೆ ಕೃತಕ ದಂತಪಂಕ್ತಿ ಕೊಟ್ಟಿತು. ಅಜ್ಜಿಗೆ ಹಲ್ಲು ಬಂತು, ಮೊಮ್ಮಗಳ ತಂತಿಗೆ ದಾರಿಯಾಗಲಿಲ್ಲ. 2018ರಲ್ಲಿ ಯಶಸ್ವಿನಿ ನಿಂತು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿ, ಇತರರಿಗೆ ವೆಚ್ಚದ ಶೇ. 30. ಆಯುಷ್ಮಾನ್‌ನ ರಾಷ್ಟ್ರೀಯ ಪಟ್ಟಿಯಲ್ಲಿ ಸೀಳುತುಟಿ, ಮುರಿದ ದವಡೆ, ಬಾಯಿ ತೆರೆಯಲಾಗದಂತೆ ಬೆಸೆದುಕೊಂಡ ದವಡೆಯ ಕೀಲು, ಮೂರಕ್ಕೂ ಜಾಗ ಸಿಕ್ಕಿತು. 2023ರ ಜನವರಿಯಿಂದ ಯಶಸ್ವಿನಿಯೂ ಮರಳಿ ಬಂದಿದೆ.

ಖಾಸಗಿ ಪಾಲಿಸಿಯವರ ಕಥೆ ಬೇರೆ. ರೂಪ ಬದಲಿಸುವ ಶಸ್ತ್ರಚಿಕಿತ್ಸೆಗೆ ಹಣವಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್‌ನ ನಂತರದ ಪುನರ್‌ರಚನೆಗೆ, ಆರೋಗ್ಯಕ್ಕೆ ನೇರ ಅಪಾಯ ತಪ್ಪಿಸುವ ಚಿಕಿತ್ಸೆಗೆ ಮಾತ್ರ ವಿನಾಯಿತಿ. ಹುಟ್ಟಿನಿಂದ ಬಂದ, ಹೊರಗೆ ಕಾಣುವ ನ್ಯೂನತೆಯನ್ನೂ ಹಲವು ಪಾಲಿಸಿಗಳು ಬಿಡುತ್ತವೆ. ಹೀಗಾಗಿ ವೈದ್ಯರ ಪತ್ರದಲ್ಲಿ ಏನು ಬರೆದಿದೆ ಎಂಬುದು ನಿರ್ಣಾಯಕ. ಅಗಿಯಲು, ಮಾತಾಡಲು, ನಿದ್ದೆಯಲ್ಲಿ ಉಸಿರಾಡಲು ಆಗುತ್ತಿರುವ ತೊಂದರೆಯನ್ನು ಇದ್ದಂತೆಯೇ, ಎಕ್ಸ್‌ರೇ ಸಹಿತ, ಬರೆಸಿಕೊಳ್ಳಬೇಕು. ದಾಖಲಾಗುವ ಮೊದಲೇ ಮಂಜೂರಾತಿ ಕೇಳಬೇಕು. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆದು ಮೊದಲು ಕಂಪನಿಗೇ ದೂರು ಕೊಡಬೇಕು. ತಿಂಗಳೊಳಗೆ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. 1998ರ ನಿಯಮಗಳಿಂದ ಬಂದ ಈ ವ್ಯವಸ್ಥೆಗೆ ಶುಲ್ಕವಿಲ್ಲ, ವಕೀಲರೂ ಬೇಡ.

ಈ ಏಳು ದಶಕಗಳಲ್ಲಿ ಪಟ್ಟಿ ಬೆಳೆದಿದೆ ಎಂಬುದು ನಿಜ. ಆದರೂ ಅದು ಶಸ್ತ್ರಚಿಕಿತ್ಸೆಯ ಕೋಣೆಯ ಸುತ್ತಲೇ ಸುತ್ತುತ್ತಿದೆ. ಕೋಟೆಯ ಹಾಡಿಯಿಂದ ತಿಂಗಳು ತಿಂಗಳೂ ಮೈಸೂರಿಗೆ ಬರುವ ಬಸ್ ಚಾರ್ಜು, ಆ ದಿನದ ಕೂಲಿ, ಹಲ್ಲಿನ ತಂತಿ ಯಾವ ಪಟ್ಟಿಯಲ್ಲೂ ಇಲ್ಲ. ಕೂಲಿ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆಂದು ತಿ. ನರಸೀಪುರ 2002ರಲ್ಲೇ ತೋರಿಸಿಕೊಟ್ಟಿತ್ತು. ದವಡೆಯ ಚಿಕಿತ್ಸೆಯನ್ನು ಮೊದಲ ತಂತಿಯಿಂದ ಕೊನೆಯ ಭೇಟಿಯವರೆಗೆ ಒಂದೇ ಚಿಕಿತ್ಸೆಯೆಂದು ಎಣಿಸದ ಹೊರತು, ಕಾರ್ಡು ಕೈಯಲ್ಲಿದ್ದೂ ಮಗು ಚಿಕಿತ್ಸೆಯನ್ನು ನಡುದಾರಿಯಲ್ಲಿ ಬಿಡಬೇಕಾಗುತ್ತದೆ.